ಸೀಜ್ ಆದ ಚೈನ್ ಸಾ, ಅಪ್ಪಾಜಿಯ ಬಿಪಿ ಮೆಷಿನ್ನು

ನಮ್ಮ ತೋಟ ಇರುವುದು ಹೊಳಲ್ಕೆರೆ ಕಡೆ. ನಾನಿರುವುದು ದಾವಣಗೆರೆಯಲ್ಲಿ, ವಾರಕ್ಕೊಮ್ಮೆ ಹೋಗಿ ಬರುವ ಭಾನುವಾರದ ರೈತ. ಬೋರ್ ಬತ್ತಿದ ವರ್ಷ ಒಣಗಿದ ಹನ್ನೊಂದು ತೆಂಗಿನ ಮರ ಹಾಗೇ ನಿಂತಿದ್ದವು, ಬೇಲಿ ತುಂಬ ಬಳ್ಳಾರಿ ಜಾಲಿ. ಮರ ಕೊಯ್ಯುವವರನ್ನು ಕರೆದರೆ ಇವತ್ತು ನಾಳೆ ಅಂತ ಎರಡು ತಿಂಗಳು ತಳ್ಳಿದರು. ಅಷ್ಟರಲ್ಲಿ ಪಕ್ಕದ ತೋಟದ ಅಣ್ಣ ಪಿಸ್ಟನ್ ಹಿಡಿದುಕೊಂಡು, ಅಂದ್ರೆ ಸೀಜ್ ಆಗಿ, ಕೆಟ್ಟು ಕೂತಿದ್ದ ತನ್ನ ಚೈನ್ ಸಾ (ಮರ ಕೊಯ್ಯುವ ಪೆಟ್ರೋಲ್ ಗರಗಸ) ಮಾರ್ತೀನಿ ಅಂದ. 58 ಸಿಸಿ, 22 ಇಂಚಿನ ಬಾರು (ಚೈನು ಸುತ್ತುವ ಪಟ್ಟಿ), ಚೀನಾ ಮಾಲು. ಊರಿಗೊಂದು ಹೆಸರು ಅಂಟಿಸಿಕೊಂಡು ಬರುತ್ತಲ್ಲ, ಅದೇ.

"ಪಿಸ್ಟನ್ ಕಿಟ್ ಹಾಕಿದ್ರೆ ಮುಗೀತು ತಮ್ಮಾ, ಬೇರೇನೂ ಇಲ್ಲ" ಅಂದ. 1,800 ಕೊಟ್ಟು ತಂದೆ.

ಮನೆಯಲ್ಲಿ ಸೈಲೆನ್ಸರ್ ಬಿಚ್ಚಿ ಆ ತೂತಿನಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರುಗಳು, ಬೆಕ್ಕು ಪರಚಿದ ಹಾಗೆ. ಪಿಸ್ಟನ್ ಸುತ್ತಲಿನ ರಿಂಗು ಅದರ ತೋಡಿನೊಳಗೇ ಅಂಟಿಕೊಂಡಿತ್ತು. ಇಂಥ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು; ಎಷ್ಟು ಹಾಕ್ತಿದ್ದಿ ಅಂತ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. "ಅಂದಾಜಿಗೆ ಒಂದು ಮುಚ್ಚಳ" ಅಂದ. ಹಂಗಾದ್ರೆ ಕಾರಣ ಸಿಕ್ತು ಅಂದುಕೊಂಡೆ. ನಾನು ಮಾಡಿದ ತಪ್ಪು ಅಲ್ಲೇ. ಒಂದು ಕಾರಣ ಕಣ್ಣಿಗೆ ಬಿದ್ದ ಕೂಡಲೇ ಬೇರೆ ಹುಡುಕುವುದನ್ನೇ ಬಿಟ್ಟೆ.

ಆನ್‌ಲೈನಲ್ಲಿ ಬ್ಲಾಕು (ಪಿಸ್ಟನ್ ಓಡಾಡುವ ಸಿಲಿಂಡರು), ಪಿಸ್ಟನ್ನು, ರಿಂಗು, ಪಿನ್ನು ಎಲ್ಲ ಸೇರಿ 950ಕ್ಕೆ ಕಿಟ್ ಬಂತು. ಇಂಥ ಲೋಕಲ್ ಕಿಟ್ ಬಂದರೆ ಹಾಗೇ ಜೋಡಿಸಬೇಡಿ. ಬ್ಲಾಕಿನ ಒಳಗಿನ ಕಿಂಡಿಗಳ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ನನ್ನದರಲ್ಲಿ ಬ್ಲೇಡಿನ ಹಾಗೆ ಚೂಪಿತ್ತು, ರಿಂಗು ಅಲ್ಲಿ ಸಿಕ್ಕಿಕೊಂಡರೆ ಮುರಿಯುತ್ತೆ. ನಯವಾದ ಎಮರಿ ಪೇಪರನ್ನು ಬೆರಳಿಗೆ ಸುತ್ತಿ ಅಂಚು ಮಾತ್ರ ಸವರಿದೆ, ಸಿಲಿಂಡರಿನ ಒಳಮೈ ಮುಟ್ಟಲಿಲ್ಲ. ಆಮೇಲೆ ಸೋಪು ನೀರಲ್ಲಿ ತೊಳೆದು, ಒಣಗಿಸಿ, ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲ್ ಸವರಿದೆ.

ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಬೇಕು. ಪಿನ್ನಿನ ಲಾಕ್ ಹಾಕುವಾಗ ಕೆಳಗಿನ ಬಾಯಿಗೆ ಬಟ್ಟೆ ತುರುಕಿಡಿ. ನಾನು ತುರುಕಿದ್ದೆ, ಹಾಗಾಗಿ ಲಾಕು ಇಂಜಿನ್ನೊಳಗೆ ಬೀಳಲಿಲ್ಲ. ಬದಲಿಗೆ ಟಿಂಗ್ ಅಂತ ಹಾರಿ ಎಲ್ಲೋ ಹೋಯಿತು. ಒಂದು ಗಂಟೆ ನೆಲ ತಡಕಿದ ಮೇಲೆ ಅವ್ವನ ಅಕ್ಕಿ ಮೊರದಲ್ಲಿ ಸಿಕ್ಕಿತು.

ಎಲ್ಲ ಜೋಡಿಸಿ ಹಗ್ಗ ಎಳೆದೆ. ನಾಲ್ಕನೇ ಎಳೆತಕ್ಕೆ ಹತ್ತಿತು. ಖುಷಿ ಅರ್ಧ ನಿಮಿಷ ಇರಲಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಸದ್ದು ಇಳಿಯುತ್ತಲೇ ಇಲ್ಲ, ಕೀಂ ಅಂತ ಮೇಲೇ ಕೂಗುತ್ತಿದೆ, ಕಾರ್ಬೊರೇಟರಿನ ಎಲ್ ಸ್ಕ್ರೂ (ನಿಧಾನದ ಓಟಕ್ಕೆ ಪೆಟ್ರೋಲು ಹೊಂದಿಸುವುದು) ಆ ಕಡೆ ಈ ಕಡೆ ತಿರುಗಿಸಿದರೂ ಕೇರೇ ಇಲ್ಲ. ತಕ್ಷಣ ಬಂದ್ ಮಾಡಿದೆ. ಇದು ಎಲ್ಲಿಂದಲೋ ಕಳ್ಳ ಗಾಳಿ ಎಳೆಯುತ್ತಿರುವ ಲಕ್ಷಣ. ಗಾಳಿ ಜಾಸ್ತಿಯಾದರೆ ಪೆಟ್ರೋಲು ಕಡಿಮೆ, ಪೆಟ್ರೋಲಿನ ಜೊತೆಗೇ ಬರುವ ಆಯಿಲ್ಲೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಇನ್ನೊಂದು ಹತ್ತು ನಿಮಿಷ ಓಡಿಸಿದ್ದರೆ 950 ರೂಪಾಯಿಯೂ ಬೆಕ್ಕು ಪರಚಿದ ಹಾಗಾಗುತ್ತಿತ್ತು.

ಈಗ ಸೋರುವ ಜಾಗ ಹುಡುಕಬೇಕು. ಅದಕ್ಕೆ ಬರುವ ಪ್ರೆಷರ್ ಪಂಪ್ ನನ್ನ ಹತ್ತಿರ ಇಲ್ಲ. ಆದರೆ ಮನೆಯಲ್ಲಿ ಅಪ್ಪಾಜಿಯ ಹಳೇ ಬಿಪಿ ಮೆಷಿನ್ ಇತ್ತು, ಮುಳ್ಳಿನ ಗಡಿಯಾರದ್ದು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಖಾಲಿ ರೀಫಿಲ್ ತುಂಡು ಸಿಕ್ಕಿಸಿ ಸುತ್ತ ಎಂ-ಸೀಲ್ ಮೆತ್ತಿದೆ. ಗಾಳಿ ಒತ್ತುವ ರಬ್ಬರ್ ಬಲ್ಬಿನ ಪೈಪು, ಗಡಿಯಾರದ ಪೈಪು ಎರಡನ್ನೂ ತೋಟದ ಡ್ರಿಪ್‌ನ ಸಣ್ಣ ಟೀ ಜಾಯಿಂಟ್‌ಗೆ ಹಾಕಿ, ಮೂರನೇ ಬಾಯಿಂದ ಪ್ಲಗ್ಗಿಗೆ ಪೈಪು. ಸೈಲೆನ್ಸರ್ ಜಾಗಕ್ಕೂ ಕಾರ್ಬೊರೇಟರ್ ಜಾಗಕ್ಕೂ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿಟ್ಟರೆ ಗಾಳಿ ಕ್ರ್ಯಾಂಕ್ ಇರುವ ಜಾಗಕ್ಕೂ ಹೋಗುತ್ತದೆ.

ಅಪ್ಪಾಜಿ ಪೇಪರ್ ಮಡಚಿ ಪಕ್ಕಕ್ಕಿಟ್ಟು ಬಂದರು. "ಏನಪ್ಪಾ, ಮೆಷಿನ್ನಿಗೂ ಬಿಪಿ ಬಂತಾ?"

250ರವರೆಗೆ ಏರಿಸಿದೆ. ಮುಳ್ಳು ಒಂದು ಕ್ಷಣ ನಿಂತು, ನಿಧಾನಕ್ಕೆ ಜಾರತೊಡಗಿತು. 240, 220, 180. ಸೋಪಿನ ನೊರೆ ತಗೊಂಡು ಜಾಯಿಂಟುಗಳಿಗೆಲ್ಲ ಹಚ್ಚಿದೆ. ಬ್ಲಾಕಿನ ಬುಡ ಸರಿಯಿದೆ. ಮ್ಯಾಗ್ನೆಟ್ ಚಕ್ರ ಬಿಚ್ಚಿ ಅದರ ಹಿಂದಿನ ಆಯಿಲ್ ಸೀಲಿಗೆ ಹಚ್ಚಿದರೆ, ಶಾಫ್ಟಿನ ಪಕ್ಕ ಸಣ್ಣ ಸಣ್ಣ ಗುಳ್ಳೆ, ಅಕ್ಕಿ ಕಾಳಿನಷ್ಟು, ಒಂದರ ಹಿಂದೆ ಒಂದು. ಅಪ್ಪಾಜಿಯೇ ಮೊದಲು ನೋಡಿದ್ದು. "ಅಲ್ನೋಡು, ಕುದೀತಿದೆ" ಅಂದರು. ಅಣ್ಣನ ಮುಚ್ಚಳದ ಲೆಕ್ಕ ತಪ್ಪೇ ಇರಬಹುದು, ಆದರೆ ಇಂಜಿನ್ ತಿಂದಿದ್ದರಲ್ಲಿ 70 ರೂಪಾಯಿಯ ಈ ರಬ್ಬರಿನ ಪಾಲು ಇದ್ದೇ ಇತ್ತು.

ಸೀಲ್ ತೆಗೆಯಲು ಅದರ ಮೈಗೆ ಸಣ್ಣ ಸ್ಕ್ರೂ ತಿರುಗಿಸಿ ಕಟಿಂಗ್ ಪ್ಲೇಯರಲ್ಲಿ ಎಳೆದೆ. ಶಾಫ್ಟಿಗೆ ಗೀರು ಬೀಳಬಾರದು, ಅಷ್ಟೇ. ಹಳೇದನ್ನು ಜೇಬಿಗೆ ಹಾಕಿಕೊಂಡು ಪಿ.ಬಿ. ರೋಡಿನ ಬೇರಿಂಗ್ ಅಂಗಡಿಗೆ ಹೋದೆ. ಅಳತೆ ಅದರ ಮೇಲೇ ಬರೆದಿರುತ್ತೆ. ಎರಡು ತಗೊಂಡೆ. ಒಂದು ಕಡೆ ಹೋಗಿದೆ ಅಂದ್ರೆ ಇನ್ನೊಂದಕ್ಕೂ ಅಷ್ಟೇ ವಯಸ್ಸಲ್ವಾ. ಕ್ಲಚ್ ಕಡೆಯದನ್ನು ಬಿಚ್ಚುವಾಗ ಒಂದು ನೆನಪಿರಲಿ: ಕ್ಲಚ್ಚಿನ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ತಡೆಯಲು ಪ್ಲಗ್ಗಿನ ತೂತಿನಲ್ಲಿ ನೈಲಾನ್ ಹಗ್ಗ ತುಂಬಿ. ಸ್ಕ್ರೂಡ್ರೈವರ್ ಕೊಟ್ಟರೆ ಪಿಸ್ಟನ್ ತಲೆ ತೂತಾಗುತ್ತೆ.

ಮ್ಯಾಗ್ನೆಟ್ ವಾಪಸ್ ಹಾಕುವಾಗ ಕಿಡಿ ಕೊಡುವ ಕಾಯಿಲ್ಲಿಗೂ ಅದಕ್ಕೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದೆ, ಅಷ್ಟು ಸಂದು ಸಾಕು. ಮತ್ತೆ ಬಿಪಿ ನೋಡಿದರೆ ಮುಳ್ಳು 250ರಲ್ಲಿ ಗಟ್ಟಿಯಾಗಿ ಕೂತಿತು.

ಕಾರ್ಬೊರೇಟರ್ ಒಳಗೆ ಪೆಟ್ರೋಲು ಎಳೆಯುವ ತೆಳು ಪರದೆ ಹಪ್ಪಳದಂತಾಗಿತ್ತು. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತಲ್ಲ, ತಿಂಗಳುಗಟ್ಟಲೆ ಟ್ಯಾಂಕಲ್ಲಿ ಬಿಟ್ಟರೆ ಪರದೆ, ಪೈಪು ಎಲ್ಲ ಹಾಳು. ನಾನಂತೂ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನೇ ಆರುವವರೆಗೆ ಓಡಿಸಿ ಇಡುತ್ತೇನೆ. ಬೇರೆ ಕಾರ್ಬೊರೇಟರ್ 450ಕ್ಕೆ ಸಿಕ್ಕಿತು. ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ ಟೂ ಟಿ ಆಯಿಲ್, ಸಿರಿಂಜಿನಲ್ಲಿ ಅಳೆದು. ಮುಚ್ಚಳದ ಲೆಕ್ಕ ಬೇಡ.

ಟ್ಯೂನ್ ಮಾಡುವುದು ಕಿವಿಯ ಕೆಲಸ. ಖಾಲಿಯಾಗಿ ಪೂರ್ತಿ ಒತ್ತಿದಾಗ ಸ್ವಲ್ಪ ತೊದಲಬೇಕು, ಬರ್ ಬರ್ ಅಂತ. ಮರಕ್ಕೆ ಇಟ್ಟು ಲೋಡ್ ಬಿದ್ದ ಕೂಡಲೇ ತೊದಲು ಹೋಗಿ ಸದ್ದು ನುಣ್ಣಗಾಗಬೇಕು. ಖಾಲಿಯಲ್ಲೇ ನುಣ್ಣಗೆ ಕೂಗಿದರೆ ಪೆಟ್ರೋಲು ಸಾಲದು, ಎಚ್ ಸ್ಕ್ರೂ (ಜೋರು ಓಟಕ್ಕೆ ಪೆಟ್ರೋಲು ಹೊಂದಿಸುವುದು) ಎಡಕ್ಕೆ ತಿರುಗಿಸಿ. ಮೊದಲ ಮೂರು ಟ್ಯಾಂಕ್ ನಾನು ತೊದಲು ಜಾಸ್ತಿಯೇ ಇಟ್ಟಿದ್ದೆ.

ಚೈನು ತರುವಾಗ ಇಂಚು ಮಾತ್ರ ಹೇಳಿದರೆ ಸಾಲದು. ನನ್ನದು ಪಿಚ್ (ಕೊಂಡಿಗಳ ಅಂತರ) .325 ಇಂಚು, ಗೇಜ್ (ಒಳಹಲ್ಲಿನ ದಪ್ಪ) .058 ಇಂಚು, ಬಾರಿನ ತೋಡಿನೊಳಗೆ ಕೂರುವ ಹಲ್ಲು 86. ಸಾಣೆಗೆ 4.8 ಎಂಎಂ ದುಂಡು ಅರ. ಒಣ ತೆಂಗಿನ ಬುಡ ಇದೆಯಲ್ಲ, ಅದು ಚೈನಿನ ಶತ್ರು. ಒಂದು ಮರ ಮುಗಿಯುವಷ್ಟರಲ್ಲಿ ಚಕ್ಕೆಯ ಬದಲು ಪುಡಿ ಬೀಳತೊಡಗುತ್ತದೆ. ಮರಕ್ಕೊಮ್ಮೆ, ಹಲ್ಲಿಗೆ ಎರಡೆರಡು ಸಲ ಅರ ಹಾಕಿದೆ. ಹೊರಡುವ ಮುಂಚೆ ಚೈನ್ ಬ್ರೇಕ್ ಹಿಡಿಯುತ್ತಾ ಅಂತ ಎರಡು ಸಲ ನೋಡಿಕೊಂಡೆ. ಬಾರಿನ ಮೂತಿ ತಾಗಿದರೆ ಅದು ಹಾರುವುದು ನೇರ ಮುಖಕ್ಕೆ.

ಲೆಕ್ಕ: ಮೆಷಿನ್ 1,800, ಕಿಟ್ 950, ಸೀಲು 140, ಕಾರ್ಬೊರೇಟರ್ 450, ಪೆಟ್ರೋಲ್ ಪೈಪು ಫಿಲ್ಟರ್ 110, ಪ್ಲಗ್ 90, ಚೈನು 580. ಒಟ್ಟು 4,120. ಜೊತೆಗೆ ಮೂರು ಭಾನುವಾರ. ದುಡ್ಡಿಗಾಗಿ ಈ ಕೆಲಸ ಮಾಡ್ತೀನಿ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳ್ತೀನಿ. ನನಗೆ ಬಿಚ್ಚುವ ಚಟ, ಅದು ಬೇರೆ ಮಾತು.

ಐದನೇ ಟ್ಯಾಂಕ್ ಆದ ಮೇಲೆ ಮತ್ತೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟೆ. ಮೊದಲ ದಿನದ ಎರಡು ತೆಳು ಗೀರು ಬಿಟ್ಟರೆ ಪಿಸ್ಟನ್ ಮೇಲೆ ಕಂಪನಿಯ ಲೇತ್ ಗೆರೆಗಳು ಹಾಗೇ ಇವೆ. ಹನ್ನೊಂದರಲ್ಲಿ ಏಳು ಮರ ಮುಗಿದಿವೆ. ಸುಮ್ನೆ ಇಟ್ಟಾಗ ಬಾರ್ ಆಯಿಲ್ ಸೋರುವುದೊಂದು ಇನ್ನೂ ನಿಂತಿಲ್ಲ, ಕೆಳಗೆ ಹಳೇ ಗೋಣಿಚೀಲ ಹಾಸಿದ್ದೇನೆ.