ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕೋದು ಹ್ಯಾಂಗ, ಅದು ಎಷ್ಟ್ ವರ್ಷ ಬಾಳ್ತದ?

ನಮ್ಮಕ್ಕನ ಮಗಳು ಕಲಬುರಗಿಯೊಳಗ ಇಂಜಿನಿಯರಿಂಗ್ ಓದ್ಲಿಕತ್ತಾಳ. ಅಕಿ ಲ್ಯಾಪ್‌ಟಾಪ್ ಆನ್ ಮಾಡಿ ಚಹಾ ಕುಡದು ಬಂದ್ರೂ ವಿಂಡೋಸ್ ಇನ್ನಾ ಗುಂಡಗ ತಿರಗ್ತಿತ್ತು, ಹೊಸಾದು ತಗೋಣು ಅಂತ ಮನ್ಯಾಗ ಮಾತು ನಡದಿತ್ತು, ನಾ ಬ್ಯಾಡ ಅಂದೆ. ಪ್ರೊಸೆಸರ್ ಚಲೋ ಇತ್ತು, ಒಳಗಿನ ತಿರುಗೋ ಹಾರ್ಡ್ ಡಿಸ್ಕ್ ನಿಧಾನ. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದ್ತದ, ಎಸ್‌ಎಸ್‌ಡಿ ಅಂದ್ರ ತಿರುಗೋ ಭಾಗ ಇಲ್ದ, ಚಿಪ್ಪಿನ್ಯಾಗ ಡೇಟಾ ಇಡೋ ಡಿಸ್ಕ್. ಅದರಾಗ ಹಳೇ ಥರದ ಕನೆಕ್ಷನ್ನಿನ ಸಾಟಾ 500ರ ಮ್ಯಾಲ, ಹೊಸ ಥರದ ಕನೆಕ್ಷನ್ನಿನ ಎನ್‌ವಿಎಂಇ ಆದ್ರ ಸಾವಿರಗಟ್ಟಲೆ.

ಮೊದಲು ನಿಮ್ಮ ಮಷಿನ್‌ಗೆ ಯಾವುದು ಕೂಡ್ತದ ನೋಡ್ರಿ. ಹಳೇ ಹಾರ್ಡ್ ಡಿಸ್ಕ್ ಜಾಗಕ್ಕ 2.5 ಇಂಚಿನ ಸಾಟಾ. ಬೋರ್ಡಿನ ಮ್ಯಾಲ ಎಂ.2 ಅನ್ನೋ ಸಣ್ಣ ಸ್ಲಾಟ್ ಇದ್ರ ಬಬಲ್‌ಗಮ್ ಪಟ್ಟಿಯಂಥಾದು, ಬಹಳಷ್ಟಕ್ಕ 2280, ಅಂದ್ರ 22 ಮಿಮೀ ಅಗಲ 80 ಮಿಮೀ ಉದ್ದ. ಆದ್ರ ಕೆಲವು ಎಂ.2 ಸ್ಲಾಟ್ ಸಾಟಾ ಮಾತ್ರ ತಗೋತಾವ, ಹಂಗಾಗಿ ಕಂಪನಿ ಸೈಟಿನ್ಯಾಗ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡೇ ರೊಕ್ಕ ಕೊಡ್ರಿ.

ಆಮ್ಯಾಲ ಬ್ಯಾಕಪ್. ಇದನ್ನ ಬಿಡಬ್ಯಾಡ್ರಿ. ಫೋಟೊ, ಪ್ರಾಜೆಕ್ಟ್ ಎಲ್ಲಾ ಬ್ಯಾರೆ ಡಿಸ್ಕಿಗೆ ಹಾಕ್ಕೊಂಡ ಮ್ಯಾಲೇ, ಹೊಸ ಎಸ್‌ಎಸ್‌ಡಿನ ಯುಎಸ್‌ಬಿ ಕೇಸಿನ್ಯಾಗ ಹಾಕಿ ಕ್ಲೋನ್ ಮಾಡ್ರಿ, ಅಂದ್ರ ಹಳೇ ಡಿಸ್ಕಿನ್ಯಾಗ ಇದ್ದದ್ದೆಲ್ಲಾ ವಿಂಡೋಸ್ ಸಮೇತ ಹೊಸಾದಕ್ಕ ಹಂಗೇ ನಕಲು ಮಾಡ್ರಿ. ಅದಕ್ಕ ಕ್ಲೋನ್‌ಜಿಲ್ಲಾ ಅನ್ನೋ ಸಾಫ್ಟ್‌ವೇರ್ ಫುಕಟ್ ಸಿಗ್ತದ. ಯಾವುದರಿಂದ ಯಾವುದಕ್ಕ ಅನ್ನೋದು ಎರಡು ಸಲ ಓದ್ರಿ, ಉಲ್ಟಾ ಆದ್ರ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮ್ಯಾಲ ಕೂಡ್ತದ, ಇದ್ದದ್ದೆಲ್ಲಾ ಹೋಗ್ತದ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರ ಮೊದಲೇ ಆಫ್ ಮಾಡಿ, ರಿಕವರಿ ಕೀ ಹಾಳಿ ಮ್ಯಾಲ ಬರ್ಕೊಳ್ರಿ.

ಬಿಚ್ಚೋದು ಸರಳ. ಚಾರ್ಜರ್ ತಗೀರಿ, ಪೂರ್ತಿ ಶಟ್‌ಡೌನ್ ಮಾಡ್ರಿ, ಹಿಂದಿನ ಮುಚ್ಚಳ ಬಿಚ್ಚಿದ ಕೂಡ್ಲೇ ಬ್ಯಾಟರಿ ಕನೆಕ್ಟರ್ ಬಿಡಸ್ರಿ. ಸ್ಕ್ರೂ ಎಲ್ಲಾ ಒಂದೇ ಉದ್ದ ಇರಂಗಿಲ್ಲ, ಯಾವುದು ಎಲ್ಲಿದು ಅಂತ ಫೋಟೊ ಹೊಡ್ಕೊಳ್ರಿ. ಎಂ.2 ಆದ್ರ ಓರೆಯಾಗಿ ತೂರಸಿ, ಮೆಲ್ಲಕ ಕೆಳಗ ಒತ್ತಿ ಸ್ಕ್ರೂ ಹಾಕ್ರಿ. ಜೋರು ಮಾಡಬ್ಯಾಡ್ರಿ.

ಈಗ ಎಲ್ಲಾರೂ ಕೇಳೋದು, ಎಸ್‌ಎಸ್‌ಡಿ ಬರದು ಬರದು ಸವೀತದಲಾ? ಸವೀತದ, ಖರೆ. ಪ್ರತಿ ಸಲ ಅಳಿಸಿ ಬರದಾಗ ಅದರ ಸೆಲ್ಲಿನ ಪದರ ತುಸು ಹಾಳಾಗ್ತದ, ಆದ್ರ ಒಂದೇ ಜಾಗಕ್ಕ ಭಾರ ಬೀಳಧಂಗ ಒಳಗಿನ ಕಂಟ್ರೋಲರ್ ಅನ್ನೋ ಚಿಪ್ ಹಂಚ್ತಾ ಹೋಗ್ತದ. ಡಬ್ಬಿ ಮ್ಯಾಲಿಲ್ಲಾಂದ್ರ ಕಂಪನಿ ಮಾಹಿತಿಯೊಳಗ ಟಿಬಿಡಬ್ಲ್ಯೂ ಅಂತ ಇರ್ತದ, ಒಟ್ಟು ಎಷ್ಟು ಟಿಬಿ (ಸಾವಿರ ಜಿಬಿಗೆ ಒಂದು ಟಿಬಿ) ಬರೀಬಹುದು ಅನ್ನೋ ನಂಬರ್. ಸ್ಯಾಮ್ಸಂಗ್ 870 ಇವೊ 500 ಜಿಬಿಗೆ ಅದು 300, ಅಂದ್ರ 300 ಟಿಬಿ ಬರಿಯೋ ತನಕ ಅಥವಾ 5 ವರ್ಷ, ಯಾವುದು ಮೊದಲೋ ಅಲ್ಲೀತನಕ ವಾರಂಟಿ. ದಿನಾ 20 ಜಿಬಿ ಬರದ್ರೂ ವರ್ಷಕ್ಕ 7.3 ಟಿಬಿ, ಲೆಕ್ಕಕ್ಕ 40 ವರ್ಷ ಬೇಕು. ಈ ನಂಬರೇ ಹಾಕದ ಸಸ್ತಾ ಮಾಲು ನಾ ಅಂತೂ ತಗೊಳ್ಳಂಗಿಲ್ಲ.

ನಾ ಹೆದರೋದು ಬ್ಯಾರೆದಕ್ಕ. ಹಾರ್ಡ್ ಡಿಸ್ಕ್ ಸಾಯೋ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡ್ತದ, ಎಸ್‌ಎಸ್‌ಡಿ ಕಂಟ್ರೋಲರ್ ಕೆಟ್ರ ನಿನ್ನಿ ಇದ್ದದ್ದು ಇವತ್ತು ಕಾಣಂಗೇ ಇಲ್ಲ. ಅಳಿಸಿದ ಫೈಲಿನ ಜಾಗ ತಾನಾಗೇ ಖಾಲಿ ಮಾಡೋ ಟ್ರಿಮ್ ಅನ್ನೋದು ಆನ್ ಇರೋದ್ರಿಂದ ಅಳಿಸಿದ ಫೈಲ್ ವಾಪಸ್ ತರೋದೂ ಭಾಳ ಕಠಿಣ. ತಿಂಗಳಿಗೊಮ್ಮೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಹೆಲ್ತ್ ನೋಡ್ರಿ, ಐದರಾಗ ಒಂದು ಪಾಲು ಖಾಲಿ ಇಡ್ರಿ, ಚದುರಿದ ಫೈಲ್ ಒಂದುಗೂಡಿಸ್ಲಿಕ್ಕೆ ಮತ್ತ ಮತ್ತ ಬರಿಯೋ ಹಳೇ ಡಿಫ್ರಾಗ್ ಸಾಫ್ಟ್‌ವೇರ್ ತಗದು ಹಾಕ್ರಿ.

ಇನ್ನ ನಮ್ಮ ಕಡಿ ಬ್ಯಾಸಗಿ. ಮೇ ತಿಂಗಳು 40 ಡಿಗ್ರಿ ದಾಟ್ತದ, ಹೊರಸಿನ ಮ್ಯಾಲ ಕೌದಿ ಹಾಸಿ ಅದರ ಮ್ಯಾಲ ಲ್ಯಾಪ್‌ಟಾಪ್ ಇಟ್ರ ಗಾಳಿ ಕಿಂಡಿ ಮುಚ್ಚಿ ಎನ್‌ವಿಎಂಇ ಕಾದು ತಾನಾಗೇ ಸ್ಲೋ ಆಗ್ತದ. ಮಣಿ ಮ್ಯಾಲರೆ, ಟೇಬಲ್ ಮ್ಯಾಲರೆ ಇಡ್ರಿ.

ಅಕಿ ಲ್ಯಾಪ್‌ಟಾಪ್ ಈಗ ಅರ್ಧ ನಿಮಿಷದೊಳಗ ಆನ್ ಆಗ್ತದ. ಹಳೇ ಹಾರ್ಡ್ ಡಿಸ್ಕ್ ಯುಎಸ್‌ಬಿ ಕೇಸಿಗೆ ಹಾಕಿ ಕೊಟ್ಟೀನಿ, ಒಂದು ತಿಂಗಳು ಅದನ್ನ ಫಾರ್ಮ್ಯಾಟ್ ಮಾಡಬ್ಯಾಡ ಅಂದೀನಿ, ಆಮ್ಯಾಲ ಅದೇ ಅಕಿ ಬ್ಯಾಕಪ್ ಡಿಸ್ಕ್.