ಅಂಗೈಯಗಲದ ತಾಮ್ರದಲ್ಲಿ ಒಂದು ಬೈಲು

ಪರ್ಕಳದ ಕಡೆಯ ಒಂದು ಬೈಲು, ಮೇಯುವ ಎರಡು ದನ, ಅಂಚಿನಲ್ಲೊಂದು ಹಲಸಿನ ಮರ, ದೂರದಲ್ಲೊಂದು ಗುಡ್ಡ. ನಾಲ್ಕು ಇಂಚು ಅಗಲದ ಎಚಿಂಗ್‌ಗೆ, ಅಂದರೆ ತಾಮ್ರದಲ್ಲಿ ದ್ರಾವಣದಿಂದ ಗೆರೆ ಕೊರೆದು ಕಾಗದಕ್ಕೆ ಒತ್ತುವ ಅಚ್ಚುಚಿತ್ರಕ್ಕೆ, ಇಷ್ಟು ಸಾಕು. ಉಡುಪಿಯ ಮಳೆಗಾಲದಲ್ಲಿ ಪಾಚಿಯಿಂದ ಹಿಡಿದು ತೆಂಗಿನವರೆಗೆ ಎಲ್ಲವೂ ಗೆರೆ ಬೇಡುತ್ತವೆ. ಬೇಡಿದ್ದಕ್ಕೆಲ್ಲ ಕೊಟ್ಟರೆ ಚಿತ್ರ ಕಂಬಳಿಯಾಗುತ್ತದೆ.

ತಾಮ್ರದ ತಗಡಿನ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ. ಸೀಮೆಸುಣ್ಣದ ಪುಡಿ, ವಿನೆಗರ್ ಹಾಕಿ ತಿಕ್ಕಿ ತೊಳೆಯಿರಿ. ನೀರು ಹನಿಗಟ್ಟದೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಒರೆಸಿ, ಬಿಸಿ ಮಾಡಿ, ಹಾರ್ಡ್ ಗ್ರೌಂಡ್ ಎಂಬ ಮೇಣದ ಲೇಪವನ್ನು ತೆಳುವಾಗಿ ಹಚ್ಚಿ.

ಆರಿದ ಮೇಲೆ ಸೂಜಿ ಹಿಡಿಯಿರಿ. ಲೇಪವನ್ನು ಕೆರೆದರೆ ಸಾಕು, ಕೊರೆಯುವುದು ದ್ರಾವಣದ ಕೆಲಸ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದು ನೆನಪಿರಲಿ. ಪೆನ್ಸಿಲ್‌ನಂತೆ ಒತ್ತಿದಷ್ಟೂ ಕಪ್ಪಾಗುವ ಗೆರೆ ಇದಲ್ಲ. ಹಾಗಾಗಿ ಹುಲ್ಲಿಗೆ ಉದ್ದಗಿಡ್ಡ ಬೆರೆತ ಗೀರು, ಮುರಕಲ್ಲಿನ ಕಟ್ಟೆಗೆ ಚುಕ್ಕಿ, ಹಲಸಿನ ನೆರಳಿಗೆ ಒಂದರ ಮೇಲೊಂದು ಹಾಯುವ ಗೆರೆ. ತೀರಾ ಒತ್ತೊತ್ತಾಗಿ ಎಳೆದರೆ ನಡುವಿನ ತಾಮ್ರವೂ ಕರಗಿ ಹಳ್ಳವಾಗುತ್ತದೆ. ಅಗಲವಾದ ಹಳ್ಳದಲ್ಲಿ ಶಾಯಿ ನಿಲ್ಲದೆ ಕಪ್ಪಿನ ಬದಲು ಬೂದು ಬರುತ್ತದೆ. ದನಕ್ಕೆ ಹೊಟ್ಟೆಯಡಿಯ ನೆರಳು ಮಾತ್ರ ಬರೆಯಿರಿ, ಬೆನ್ನು ಖಾಲಿಯಿರಲಿ. ಡಚ್ ಕಲಾವಿದ ರೆಂಬ್ರಾಂಟ್ 1643ರಲ್ಲಿ ಮಾಡಿದ ಎಚಿಂಗ್ ‘ಮೂರು ಮರಗಳು’ ನೋಡಿ: ಕಪ್ಪು ಮರಗಳ ಹಿಂದೆ ಬೆಳಕಿನ ಆಕಾಶ, ಎಡಮೂಲೆಯಲ್ಲಿ ಮಳೆಯ ನೇರ ಗೆರೆಗಳು.

ಎಲೆಯನ್ನೋ ಬಟ್ಟೆಯನ್ನೋ ಒತ್ತಿ ಅದರ ಮೈವಳಿಕೆಯನ್ನೇ ಪಡೆಯುವ ಸಾಫ್ಟ್ ಗ್ರೌಂಡ್ ಎಂಬ ಮೆದು ಲೇಪದ ದಾರಿಯೂ ಇದೆ. ಇಷ್ಟು ಚಿಕ್ಕ ಗದ್ದೆಯ ಮೇಲೆ ಅಷ್ಟು ದೊಡ್ಡ ಎಲೆ ಬಿದ್ದರೆ ದನ ಎಲ್ಲಿ ಮೇಯಬೇಕು?

ತಗಡಿನ ಹಿಂಬದಿಗೂ ಅಂಚಿಗೂ ವಾರ್ನಿಷ್ ಬಳಿದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿಡಿ. ಕೈಗವಸು, ಕನ್ನಡಕ, ತೆರೆದ ಕಿಟಕಿ ಕಡ್ಡಾಯ. ತಗಡಿನ ಗೆರೆಯಿರುವ ಮುಖ ಕೆಳಗಿದ್ದರೆ ಗೆರೆಯೊಳಗಿನ ಗಸಿ ತಾನೇ ಉದುರುತ್ತದೆ. ಹತ್ತು ನಿಮಿಷಕ್ಕೆ ತೆಗೆದು, ತೊಳೆದು ಒರೆಸಿ, ದೂರದ ಗುಡ್ಡವನ್ನು ವಾರ್ನಿಷ್‌ನಿಂದ ಮುಚ್ಚಿ. ಒಣಗಿದ ಮೇಲೆ ಮತ್ತೆ ಮುಳುಗಿಸಿ. ಒಟ್ಟು ಅರ್ಧ ಗಂಟೆಗೆ ನಡುವಿನ ಗದ್ದೆಯನ್ನು ಮುಚ್ಚಿ. ಮುಂದಿನ ಹುಲ್ಲು, ಹಲಸಿನ ಬುಡಕ್ಕೆ ಒಂದು ಗಂಟೆ. ದ್ರಾವಣ ಹಳತಾದಷ್ಟೂ ನಿಧಾನವಾಗುವುದರಿಂದ ಮೊದಲು ತಾಮ್ರದ ಚೂರಿನಲ್ಲಿ ಪರೀಕ್ಷಿಸಿ. ಹೆಚ್ಚು ಹೊತ್ತು ಮುಳುಗಿದ ಗೆರೆ ಆಳವಾಗಿ ಕಪ್ಪಾಗುತ್ತದೆ, ಬೇಗ ಮುಚ್ಚಿದ್ದು ತಿಳಿಯಾಗಿ ಉಳಿಯುತ್ತದೆ. ಗುಡ್ಡ ದೂರ ಸರಿಯುವುದು ಈ ನಿಮಿಷಗಳ ಲೆಕ್ಕದಲ್ಲಿ.

ಲೇಪ ತೆಗೆದು, ಶಾಯಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ತೇವದ ಕಾಗದವಿಟ್ಟು ಪ್ರೆಸ್ಸಿನಲ್ಲಿ ಹಾಯಿಸಿ. ಅಚ್ಚನ್ನು ಬ್ಲಾಟಿಂಗ್ ಪೇಪರ್‌ಗಳ ನಡುವೆ ಒಣಗಿಸಿ, ಆಟಿಯ ಮಳೆಯಲ್ಲಾದರೆ ಪೇಪರ್‌ಗಳನ್ನು ದಿನವೂ ಬದಲಿಸಿ. ಮರೆತರೆ ನೀವು ಖಾಲಿ ಬಿಟ್ಟ ಆಕಾಶದಲ್ಲಿ ಬೂಷ್ಟು ಮೋಡ ಬರೆಯುತ್ತದೆ.