ಅವ್ವನ ಗಡಿಗಿ ನೀರು, ನನ್ನ ಬ್ಲಾಕ್ ಅಂಡ್ ವೈಟ್ ರೀಲು

ಫಿಲ್ಮ್ ಮನ್ಯಾಗ ಡೆವಲಪ್ ಮಾಡೋದು ಕಷ್ಟ ಏನಲ್ರಿ, ಆದ್ರ ನಮ್ಮ ಗಂಗಾವತಿ ಬ್ಯಾಸಿಗ್ಯಾಗ ಮಾಡೋದು ಬ್ಯಾರೆ ಮಾತು. ಎಲ್ಲಾರೂ ನೀರು 20 ಡಿಗ್ರಿ ಇರಬೇಕಂತಾರ, ಮೇ ತಿಂಗಳಾಗ ನಮ್ಮ ಮಾಳಿಗಿ ಮ್ಯಾಲಿನ ಟ್ಯಾಂಕಿನ ನಳ ಬಿಟ್ರ ಕೈ ಸುಡ್ತೈತಿ. ಮೊದಲನೇ ರೀಲು ಅದ ನೀರಾಗ ಮಾಡ್ದೆ, ನೆಗೆಟಿವ್ ಎಲ್ಲಾ ಕರ್ರಗಾಗಿ ಬಂದ್ವು, ಆನೆಗೊಂದಿ ಬಂಡಿಗಲ್ಲು ಒಂದೂ ಕಾಣವಲ್ದು, ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ. ಐಸ್ ಹಾಕಿ ನೋಡ್ದೆ, ಒಮ್ಮೆ 17 ಒಮ್ಮೆ 26, ಒಂದ ಕಡೆ ನಿಲ್ಲಲಿಲ್ಲ.

ಒಂದಿನ ನಸಿಕಿನ್ಯಾಗ ಎದ್ದು ಅಡಿಗಿಮನಿ ಮೂಲ್ಯಾಗಿನ ಅವ್ವನ ಮಣ್ಣಿನ ಗಡಿಗ್ಯಾಗ ಥರ್ಮಾಮೀಟರ್ ಇಳಿಬಿಟ್ಟೆ, ಸರಿಯಾಗಿ 24! ಒಣ ಬಿಸಿಲಿನ ಊರು ನಮ್ದು, ಗಡಿಗಿ ಮೈಯಿಂದ ಜಿನುಗಿದ ನೀರು ಆರತಾ ಒಳಗಿನ ಕಾವು ಎಳಕೊಂಡು ಹೋಗ್ತೈತಿ, ಮಳಿಗಾಲದಾಗ ಇಷ್ಟು ತಣ್ಣಗ ಆಗಂಗಿಲ್ಲ. ಇಲ್ಫೋರ್ಡ್ ಎಚ್‌ಪಿ5 ಫಿಲ್ಮಿಗೆ ಡಿ-76 ಡೆವಲಪರ್ (ಚಿತ್ರ ಮೂಡಿಸೋ ರಸಾಯನ) ಸಮ ನೀರು ಬೆರೆಸಿದ್ರ 20 ಡಿಗ್ರಿಗೆ 11 ನಿಮಿಷ, 24ಕ್ಕ ಸುಮಾರು 8 ಸಾಕು. ಮೂಡಿದ ಚಿತ್ರ ಕಾಯಂ ಮಾಡೋ ಫಿಕ್ಸರ್ ಬಾಟ್ಲಿನೂ ಅದ ನೀರಿನ ಬುಟ್ಯಾಗ ಇಡ್ತೀನಿ, ಒಂದು ತಣ್ಣಗ ಒಂದು ಬಿಸಿ ಇದ್ರ ಫಿಲ್ಮಿನ ಪದರು ಸುಕ್ಕಾಗೋ ಭಯ. ಕಡಿಗೆ ಬ್ಯಾಟರಿ ವಾಟರ್‌ನ್ಯಾಗ (ಉಪ್ಪಿನಂಶ ಇಲ್ಲದ ಶುದ್ಧ ನೀರು) ಅದ್ದಿ ತೆಗೀತೀನಿ, ನಮ್ಮ ಬೋರಿನ ನೀರು ಆರಿದ್ರ ಬಿಳಿ ಕಲೆ ಉಳಿತಾವು.

ಬೆಳಕು ಹೋಗದ ಸಣ್ಣ ಡೆವಲಪಿಂಗ್ ಡಬ್ಬಿಗೆ ಫಿಲ್ಮ್ ತುಂಬೋದು ಮಾತ್ರ ಹಿಂದಿನ ರಾತ್ರಿನ, ಲೈಟ್ ಎಲ್ಲಾ ಆರಿಸಿ, ಕಿಟಕಿಗೆ ಕೌದಿ ಕಟ್ಟಿ. ಏನೂ ಕಾಣಂಗಿಲ್ಲ, ಫಿಲ್ಮ್ ಸರಕ್ ಸರಕ್ ಅಂತ ಒಳಗ ಸರಿಯೋ ಸಪ್ಪಳ ಅಷ್ಟ, ಆ ಹತ್ತು ನಿಮಿಷ ನನಗ ಭಾಳ ಸೇರತೈತಿ.

ಫೋಟೋ ತೆಗೆಯೋದು ಆನೆಗೊಂದಿ ಹೊಳಿ ದಂಡಿಗೆ, ಸಂಜಿ ಐದರ ಮ್ಯಾಲ, ಹಳದಿ ಫಿಲ್ಟರ್ ಹಾಕಿ. ಮಧ್ಯಾಹ್ನ ಬಂಡಿ ಎಲ್ಲಾ ಸುಣ್ಣ ಹೊಡದಂಗ ಬೆಳ್ಳಗ ಬರ್ತಾವು, ಸಂಜಿಗೆ ಒಂದೊಂದು ಬಂಡಿಗೂ ಒಂದೊಂದು ನೆರಳು. ಹೊಳಿ ಆಚಿ ಹಂಪಿನ 1856ರಾಗ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಮೇಣದ ಪೇಪರ್ ನೆಗೆಟಿವ್ ಮ್ಯಾಲ ಹಿಡಿದಿದ್ದ, ಇದ ಕಲ್ಲು ಇದ ಬಿಸಿಲು, ನೆನಸಿಕೊಂಡ್ರ ಕ್ಯಾಮೆರಾ ಗಟ್ಟಿ ಹಿಡಕೋತೀನಿ.

ಹೋದ ವಾರ ಬಚ್ಚಲದಾಗ ರೀಲು ತೂಗುಹಾಕಿದ್ದೆ, ಇನ್ನೂ ಹಸಿ. ಅವ್ವ ಬಂದು ಬೆಳಕಿಗೆ ಹಿಡಿದು ನೋಡಿ, "ಇದು ಹರಗೋಲ ಅಲ್ಲೇನೋ" ಅಂದ್ಲು. ಈಗ ಕುಡಿಯಾಕ ಬ್ಯಾರೆ ಗಡಿಗಿ ತಂದಾಳ, ಹಳೇದು ನನಗ ಬಿಟ್ಟಾಳ.